ದೊಡ್ಡಪ್ಪನ ಮೊದಲ ಇಂಜೆಕ್ಷನ್

ಇಡೀ ಲಗ್ಗೆರೆಯಲ್ಲಿ ಬದನೆಕಾಯಿಗೆ ಇಂಜೆಕ್ಷನ್ ಕೊಟ್ಟಿರುವ ಏಕೈಕ ಗಂಡಸು ನಮ್ಮ ದೊಡ್ಡಪ್ಪ! ನಗಬೇಡಿ. ಒಂದೆರಡಲ್ಲ, ಕಡಿಮೆಯೆಂದರೂ ಮೂರು ಕೆ.ಜಿ. ಬದನೆಕಾಯಿಗೆ.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಜೋರಾಗಿ, ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳಲೇಬೇಕೆಂದು ಡಾಕ್ಟರು ಹೇಳಿದರು. ದೊಡ್ಡಮ್ಮನ ಕೈ ನಡುಗುತ್ತದೆ, ತಾವೇ ಚುಚ್ಚಿಕೊಳ್ಳುವಂತಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ದೊಡ್ಡಪ್ಪ. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕಬ್ಬಿಣ ಕಡೆದ ಕೈ ಅವರದು. ಅಂಥವರಿಗೆ ಒಂದು ಸೂಜಿ ಯಾವ ಲೆಕ್ಕ ಎನ್ನುತ್ತೀರಾ? ನರ್ಸ್ ಸೂಜಿಯ ಮುಚ್ಚಳ ತೆಗೆದದ್ದಷ್ಟೇ, ದೊಡ್ಡಪ್ಪ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಸಿದರು. ಡಾಕ್ಟರು ದೊಡ್ಡಮ್ಮನನ್ನು ಬಿಟ್ಟು ಮೊದಲು ಅವರ ಬಿಪಿ ನೋಡಬೇಕಾಯಿತು!

ಹಾಗಾಗಿ ಎರಡು ಬೀದಿ ಆಚೆ ಇರುವ ನಾನೇ ದಿನಾ ಹೋಗಿ ಕೊಡತೊಡಗಿದೆ. ದೊಡ್ಡಪ್ಪನಿಗೆ ಕಲಿಸಲು ಹೊರಟರೆ ದಿನಕ್ಕೊಂದು ನೆಪ. ಸೋಮವಾರ ಕನ್ನಡಕ ಸರಿಯಿಲ್ಲ. ಮಂಗಳವಾರ ರಾಹುಕಾಲ. ಬುಧವಾರ ಉಗುರು ಬೆಳೆದಿದೆ.

"ದೊಡ್ಡಪ್ಪ, ಚುಚ್ಚೋದು ಸೂಜೀಲಿ, ಉಗುರಲ್ಲಲ್ಲ" ಎಂದೆ.

"ನಿನಗೇನ್ ಗೊತ್ತಮ್ಮ, ಯಾವ ಕೆಲಸಕ್ಕಾದ್ರೂ ಕೈ ನೀಟಾಗಿರ್ಬೇಕು" ಎಂದು ಉಗುರು ಕತ್ತರಿಸಿಕೊಳ್ಳಲು ಕೂತರು. ಇಪ್ಪತ್ತೂ ಉಗುರು, ಕಾಲಿನವೂ ಸೇರಿ!

ಕೊನೆಗೆ ನರ್ಸ್ ಒಂದು ಉಪಾಯ ಹೇಳಿದರು. ಸಿರಿಂಜಿಗೆ ನೀರು ತುಂಬಿ ತರಕಾರಿಯ ಮೇಲೆ ಅಭ್ಯಾಸ ಮಾಡಲಿ ಎಂದು. ದೊಡ್ಡಪ್ಪ ಬದನೆಕಾಯಿ ಆರಿಸಿಕೊಂಡರು. ಅದನ್ನು ಹತ್ತಿಯಿಂದ ಒರೆಸಿ, "ಸ್ವಲ್ಪ ತಡ್ಕೋಮ್ಮ" ಎಂದು ಸಮಾಧಾನ ಹೇಳಿ, ಚುಚ್ಚಿ, ಹತ್ತು ಎಣಿಸಿ ಸೂಜಿ ತೆಗೆಯುವರು. ಕೈ ಚೂರೂ ಅಲುಗುತ್ತಿರಲಿಲ್ಲ. ಆದರೆ ದೊಡ್ಡಮ್ಮ ಬಂದು ಎದುರಿಗೆ ಕೂತರೋ, ಹಾಲು ತರಬೇಕೆಂದು ಎದ್ದು ಹೋಗುವರು. ಫ್ರಿಜ್ಜಿನಲ್ಲಿ ಆಗಲೇ ಮೂರು ಪ್ಯಾಕೆಟ್ ಇರುತ್ತಿತ್ತು!

"ನಾನೂ ಬದನೆಕಾಯಿ ಆಗಿದ್ದಿದ್ರೆ ಇಷ್ಟೊತ್ತಿಗೆ ವಾಸಿಯಾಗ್ತಿದ್ದೆ ಬಿಡು" ಎಂದರು ದೊಡ್ಡಮ್ಮ.

ಹೀಗಿರುವಾಗ ಒಂದು ದಿನ ಸಂಜೆಯ ಇಂಜೆಕ್ಷನ್ ಮುಗಿಸಿ ಕೆಂಗೇರಿಯ ತಂಗಿಯ ಮನೆಗೆ ಹೋಗಿ ಉಳಿದೆ. ಬೆಳಿಗ್ಗೆ ಬೇಗನೇ ಹೊರಟರೂ ನಾಯಂಡಹಳ್ಳಿಯ ಮೇಲ್ಸೇತುವೆಯ ಮೇಲೆ ಯಾವುದೋ ಲಾರಿ ಕೆಟ್ಟು ನಿಂತು, ನನ್ನ ಬಸ್ಸು ಅಲ್ಲೇ ಸಿಕ್ಕಿಕೊಂಡಿತು. ಇಳಿಯುವಂತೆಯೂ ಇಲ್ಲ. ಒಂಬತ್ತೂವರೆಗೆ ವಿಡಿಯೋ ಕಾಲ್ ಮಾಡಿದೆ. ಇನ್ಸುಲಿನ್ ಆಗದೆ ತಿನ್ನುವಂತಿಲ್ಲವಾದ್ದರಿಂದ ದೊಡ್ಡಮ್ಮ ಉಪ್ಪಿಟ್ಟಿನ ತಟ್ಟೆ ಮುಚ್ಚಿಟ್ಟುಕೊಂಡು ಹಸಿದು ಕೂತಿದ್ದರು. ಮುಖ ಬಾಡಿತ್ತು.

"ದೊಡ್ಡಪ್ಪ, ಇವತ್ತು ನೀವೇ ಕೊಡ್ಬೇಕು."

"ನೀನ್ ಬಾಮ್ಮ, ಕಾಯ್ತೀವಿ."

"ಅವರು ಇನ್ನೆಷ್ಟು ಹೊತ್ತು ಹಸ್ಕೊಂಡಿರ್ತಾರೆ? ಸೂಜಿಗೆ ಯಾಕಿಷ್ಟು ಹೆದರ್ತೀರಿ?"

ಅವರು ದೊಡ್ಡಮ್ಮನತ್ತ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಸೂಜಿಗಲ್ಲ ಕಣಮ್ಮ. ನನ್ನ ಕೈಯಾರೆ ಇವಳಿಗೆ ನೋವಾಗ್ಬಿಟ್ರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮನೇ ಶುರು ಮಾಡಿದರು. "ಮೂವತ್ತೆಂಟು ವರ್ಷದಲ್ಲಿ ನೀವು ಮಾಡಿರೋ ನೋವೆಲ್ಲಾ ತಡ್ಕೊಂಡಿದೀನಿ, ಇದೇನ್ ಮಹಾ? ಚುಚ್ರೀ, ಹೊಟ್ಟೆ ಹಸೀತಿದೆ!"

ದೊಡ್ಡಪ್ಪ ಫೋನನ್ನು ಡಬ್ಬಿಗೆ ಒರಗಿಸಿದರು. ಔಷಧಿಯ ಅಳತೆ ನನಗೆ ಎರಡು ಸಲ ತೋರಿಸಿದರು. ದೊಡ್ಡಮ್ಮನ ಹೊಟ್ಟೆಯ ಚರ್ಮ ಮೆಲ್ಲಗೆ ಹಿಡಿದರು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸೂ ನನ್ನ ಜೊತೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು, ಎರಡು... ಹತ್ತು.

"ಆಯ್ತಾ?" ಎಂದರು ದೊಡ್ಡಮ್ಮ.

"ಆಯ್ತು."

"ಅಬ್ಬಾ!" ಎಂದವರು ಪಕ್ಕದ ಸೀಟಿನವರು!

ನಾನು ಮನೆ ಸೇರಿದಾಗ ಇಂಜೆಕ್ಷನ್ ತೆಗೆದುಕೊಂಡವರು ಗಾಳಿ ಬೀಸುತ್ತಿದ್ದರು, ಕೊಟ್ಟವರು ದಿವಾನದ ಮೇಲೆ ಮಲಗಿದ್ದರು. ನಾನು ಕಾಫಿ ಮಾಡಲು ಹೋದರೆ ದೊಡ್ಡಮ್ಮ ಹಿಂದೆಯೇ ಬಂದರು. "ನೀನೊಂದಿನ ಬರ್ದೇ ಹೋದ್ರೆ ಏನ್ ಗತಿ ಅಂತ ದಿನಾ ಭಯ ಆಗ್ತಿತ್ತು ಕಣೇ. ಇವತ್ತು ಹಗುರ ಆಯ್ತು."

ಅಷ್ಟರಲ್ಲಿ ದೊಡ್ಡಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ತಾವಾಗಿಯೇ ಕೇಳಿದರು: "ಸಂಜೇದು ಎಷ್ಟೊತ್ತಿಗೆ?"

"ಏಳೂವರೆಗೆ ರೀ."

"ಸರಿ. ನಾನಿರ್ತೀನಿ."

ದೊಡ್ಡಮ್ಮ ತಲೆ ತಗ್ಗಿಸಿಕೊಂಡು, ದೊಡ್ಡಪ್ಪನ ಲೋಟಕ್ಕೆ ಮೊದಲು ಕಾಫಿ ಬಗ್ಗಿಸಿದರು.