ಕೊರಿಯಾದ ಹೋಟೆಲಿನಲ್ಲಿ ಇಬ್ಬರು ಅಂಜುಬುರುಕರು

ಕಲಬುರಗಿಯ ಮೋಮಿನಪುರದಲ್ಲಿ ಮೂವತ್ತು ವರ್ಷದಿಂದ ಹೋಟೆಲ್ ನಡೆಸುತ್ತಿದ್ದೇನೆ. ಊಟಕ್ಕೆ ಕೂತವರು ಹೆದರಿ ನಡುಗಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಹೊರದೇಶಕ್ಕೆ ಹೋದ ಮೇಲೆ ಮಾತ್ರ ಹೊತ್ತು ಹೊತ್ತಿಗೂ ನಾನೇ ನಡುಗಿದೆ. ಹೋದ ವರ್ಷ ಪ್ರವಾಸದ ಗುಂಪಿನ ಜೊತೆ ಕೊರಿಯಾಕ್ಕೆ ಹೋಗಿದ್ದೆ. ಸಂಗಡ ನನ್ನ ಹಳೆಯ ಗೆಳೆಯರು, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಗೌಡ್ರು. ಅವರು ತತ್ತಿ ಸಹಿತ ಮುಟ್ಟುವುದಿಲ್ಲ. ನಾನು ಹಲಾಲ್ ಅಲ್ಲದ ಮಾಂಸ ತಿನ್ನುವುದಿಲ್ಲ. ಹೀಗಾಗಿ ಮುಂದೆ ಬಂದ ಪ್ರತಿ ಬಟ್ಟಲನ್ನೂ ಇಬ್ಬರೂ ದೂರದಿಂದಲೇ ಬಗ್ಗಿ ನೋಡುತ್ತಿದ್ದೆವು.

ಮರ್ಯಾದಿ ಮಂದಿ

ಮೊದಲ ದಿನ ಕೂತು ಎರಡು ನಿಮಿಷವಾಗಿಲ್ಲ, ಬಡಿಸುವ ಹುಡುಗಿ ಓಡಿ ಬಂದು ತಲೆ ಬಾಗಿಸಿ ಏನೋ ಕೇಳಿದಳು. ಗೌಡ್ರು ಎದ್ದು ಕೈ ಮುಗಿದರು. ಅವಳು ಹೋದಳು. ಮತ್ತೆ ಓಡಿ ಬಂದಳು. ಮೂರನೇ ಸಲ ಮ್ಯಾನೇಜರೂ ಬಂದ. ನಾನು ಗೌಡ್ರ ಕಡೆ ಬಗ್ಗಿದೆ.

"ಗೌಡ್ರ, ಎದ್ದು ಹೋಗ್ರಿ ಅನ್ನಾಕತ್ತಾರ ಕಾಣ್ತದ."

"ಏ ಇಲ್ರೀ ಸಾಹೇಬ್ರ. ಭಾಳ ಮರ್ಯಾದಿ ಮಂದಿ. ನಮಸ್ಕಾರಕ್ಕ ಬರಾಕತ್ತಾರ."

ಆಮೇಲೆ ನೋಡಿದರೆ, ಟೇಬಲ್ ಮೇಲಿದ್ದ ಕರೆಗಂಟೆಯ ಬಟನ್ ಮೇಲೆ ಗೌಡ್ರ ಮೊಣಕೈ ಊರಿತ್ತು.

ಕತ್ತರಿ

ಮರುದಿನ ಗೈಡ್ ನಮಗಾಗಿ ಮಾಂಸವಿಲ್ಲದ ಶಾವಿಗೆ ಹೇಳಿಸಿದ್ದ. ಬಟ್ಟಲು ಬಂತು. ಅದರ ಹಿಂದೆಯೇ ಒಬ್ಬಾಕೆ ಮೊಳದುದ್ದದ ಕತ್ತರಿ ಹಿಡಿದು ಬಂದು ಗೌಡ್ರ ಕಡೆ ಬಗ್ಗಿದಳು. ಗೌಡ್ರು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡರು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಆಕೆ ಶಾವಿಗೆಯನ್ನು ನಾಲ್ಕು ತುಂಡು ಮಾಡಿ, ನಕ್ಕು, ಹೋದಳು. ಅಲ್ಲಿ ಅದೇ ಪದ್ಧತಿಯಂತೆ.

ಗೌಡ್ರು ಮೆಲ್ಲಗೆ ಕೈ ಇಳಿಸಿದರು. "ನಮ್ಮ ಕಡಿ ಬಡಿಸೋರು ಸೌಟು ಹಿಡಕೊಂಡು ಬರ್ತಾರ. ಸಾಹೇಬ್ರ, ಈಕಿ ಅಡಗಿ ಮನಿಯಿಂದ ಬಂದಾಳೋ, ದರ್ಜಿ ಅಂಗಡಿಯಿಂದ ಬಂದಾಳೋ?"

ಚಿತ್ರ

ಒಂದು ಮಧ್ಯಾಹ್ನ ಗುಂಪು ತಪ್ಪಿತು. ಗೈಡ್ ಇಲ್ಲ, ಭಾಷೆ ಬಾರದು, ಹಸಿವು ತಡೆಯದು. ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಯಜಮಾನಿ ವಯಸ್ಸಾದಾಕೆ. ಏನು ಬೇಡ ಎಂದು ಹೇಳುವುದು ಹೇಗೆ? ಕಾಗದದ ಮೇಲೆ ಹಂದಿಯ ಚಿತ್ರ ಬರೆದು ಅಡ್ಡ ಗೀಟು ಎಳೆದೆ. ಗೌಡ್ರು ಪೆನ್ನು ಕಸಿದುಕೊಂಡು ದನ, ಕೋಳಿ, ಮೀನು ಎಲ್ಲವನ್ನೂ ಬರೆದು ಎಲ್ಲಕ್ಕೂ ಗೀಟು ಹಾಕಿದರು.

ಯಜಮಾನಿ ಕಾಗದ ನೋಡಿದಳು. ಮುಖ ಬಾಡಿತು. ಒಳಗೆ ಹೋಗಿ ಗಂಡನನ್ನು ಕರೆತಂದಳು. ಅವನೂ ನೋಡಿ ನಿಟ್ಟುಸಿರು ಬಿಟ್ಟು ಫೋನ್ ತೆಗೆದ.

"ಪೊಲೀಸರಿಗೆ ಹಚ್ಚಾಕತ್ತಾನ್ರಿ," ಅಂದರು ಗೌಡ್ರು. ನಾನು ಪಾಸ್‌ಪೋರ್ಟ್ ತಡವಿಕೊಂಡೆ.

ಅವನು ಫೋನಿಗೆ ಏನೋ ಹೇಳಿ ನಮ್ಮ ಮುಂದೆ ಹಿಡಿದ. ಫೋನು ಅದನ್ನು ಹಿಂದಿಗೆ ಅನುವಾದಿಸಿ ಮಾತಾಡಿತು. ನಾನು ಗೌಡ್ರಿಗೆ ಕನ್ನಡದಲ್ಲಿ ಹೇಳಿದೆ: "ನಿಮ್ಮ ಸಾಕಿದ ಪ್ರಾಣಿ ಎಲ್ಲಾ ಸತ್ತಿದ್ದು ತಿಳಿದು ನಮಗ ಭಾಳ ದುಃಖ ಆಯ್ತು, ಅಂತಾರ."

ಅಷ್ಟರಲ್ಲಿ ಯಜಮಾನಿ ಹೊಗೆಯಾಡುವ ಎರಡು ಬಟ್ಟಲು ತಂದಿಟ್ಟು, ನನ್ನ ಬೆನ್ನು ಸವರಿ, ಕುಡಿಯಿರಿ ಎಂದು ಕೈಸನ್ನೆ ಮಾಡಿದಳು. ಆಕೆಯ ಕಣ್ಣಲ್ಲಿ ನೀರು ಬೇರೆ. ನಾನು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.

ಗೌಡ್ರು ಬಟ್ಟಲೊಳಗೆ ಬಗ್ಗಿ ನೋಡಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಸಾಹೇಬ್ರ, ಸತ್ತವರೊಳಗ ಇದರಾಗ ಯಾರ ಅದಾರ, ಅದೊಂದು ಕೇಳ್ರಿ."