ತಗಡಿನ ನೆರಳಲ್ಲಿ ಸೌರ ಕಾರಂಜಿ

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಸಣ್ಣ ಕೈಗಾರಿಕೆಗಳ ಸಂಘದ ಉದ್ಯಾನಕ್ಕೆ ಸೌರಶಕ್ತಿಯ ಕಾರಂಜಿಯೊಂದು ಅತ್ಯಗತ್ಯವೆಂದು ೨೦೧೨ರ ಮಾರ್ಚ್ ತಿಂಗಳ ಸಭೆಯಲ್ಲಿ ಸರ್ವಾನುಮತದಿಂದ ಕಂಡುಬಂದಿತು. ಜುಲೈನಲ್ಲಿ ಹಸಿರು ಉದ್ಯಾನ ಸ್ಪರ್ಧೆ ಇತ್ತು. ಹಿಂದಿನ ವರ್ಷದ ಬಹುಮಾನ ಪಕ್ಕದ ರಸ್ತೆಯ ಸಂಘಕ್ಕೆ ಹೋಗಿತ್ತು. ಅವರಲ್ಲಿ ಕಾರಂಜಿ ಇತ್ತು.

ಆಯ್ಕೆ ಸಮಿತಿ ಅಂಗಡಿಗೆ ಹೋಗಿ ಮೂರು ಮಾದರಿಗಳನ್ನು ಪರಿಶೀಲಿಸಿತು. ತೇಲುವ ತಾವರೆ ಚಿಕ್ಕದೆಂದೂ ಬಾಯಿಂದ ನೀರುಗುಳುವ ಸಿಂಹ ಅಸಭ್ಯವೆಂದೂ ತಿರಸ್ಕೃತವಾದವು. ಒಂದರ ಮೇಲೊಂದು ಮೂರು ಬೋಗುಣಿಗಳಿದ್ದ ಮಾದರಿ ಆಯ್ಕೆಯಾಯಿತು. ಹೊರಗೆ ಬಿಸಿಲಿಗೆ ಒಯ್ದು ಓಡಿಸಿ ತೋರಿಸುವುದಾಗಿ ಅಂಗಡಿಯವರು ಹೇಳಿದರು. ಬಿಸಿಲು ಜಾಸ್ತಿ ಇದ್ದುದರಿಂದ ಸಮಿತಿ ಹೊರಗೆ ಹೋಗಲಿಲ್ಲ.

ಕಾರಂಜಿಯನ್ನು ಜೋಡಿಸಿದವರು ತೋಟಗಾರ ಅಮರಪ್ಪ. ಕುಷ್ಟಗಿ ಕಡೆಯವರು, ಹೆಂಡತಿ ರುಕ್ಮವ್ವನೊಂದಿಗೆ ಬಾಗಲಗುಂಟೆಯ ಒಂದು ಕೋಣೆಯಲ್ಲಿ ವಾಸ. ಸೌರ ಫಲಕವನ್ನು ಹುಲ್ಲಿನ ಮೇಲೆ ದಕ್ಷಿಣಕ್ಕೆ ಓರೆಯಾಗಿ ನಿಲ್ಲಿಸಿದರು. ನೀರು ಹಾರಿತು. ಹತ್ತು ನಿಮಿಷದ ಮೇಲೆ ಅಧ್ಯಕ್ಷ ದೇವರಾಜ್ ಬಂದು ಫಲಕದ ಮೇಲೆ ಕೈಯಿಟ್ಟರು.

"ಅಮರಪ್ಪ, ಇದು ಸುಡ್ತಿದೆಯಲ್ಲಪ್ಪ."

"ಬಿಸಿಲಾಗ ಇಟ್ರ ಸುಡತೈತ್ರಿ, ಸಾಹೇಬ್ರ."

"ಅದೇ ನಾನೂ ಹೇಳ್ತಿರೋದು. ಬಿಸಿಲಲ್ಲಿ ಯಾಕಿಟ್ಟೆ?"

ದೇವರಾಜ್ ಅವರದು ಪೌಡರ್ ಕೋಟಿಂಗ್ ಘಟಕ. ಇಪ್ಪತ್ತಾರು ವರ್ಷಗಳಿಂದ ಬಣ್ಣ ಹಚ್ಚಿದ ಸಾಮಾನು ಬಿಸಿಲಿಗೆ ಮಂಕಾಗಿ ವಾಪಸು ಬರುವುದನ್ನು ಕಂಡವರು. ಅವರ ಘಟಕದಿಂದ ಹೊರಡುವ ಪ್ರತಿ ಪೊಟ್ಟಣದ ಮೇಲೂ 'ನೆರಳಿನಲ್ಲಿಡಿ' ಎಂದು ಅಚ್ಚು ಹಾಕಿರುತ್ತದೆ. ಹೊಸ ಫಲಕ ಒಂದೇ ಬೇಸಿಗೆಗೆ ಹಾಳಾಗಲು ಬಿಡುವುದು ಅವರಿಂದ ಸಾಧ್ಯವಿರಲಿಲ್ಲ.

ಉಪಾಧ್ಯಕ್ಷ ನಂಜಪ್ಪನವರದು ತಗಡಿನ ಕೆಲಸದ ಶೆಡ್ಡು. ಆ ರಸ್ತೆಯೆಲ್ಲ ಹಿಂದೆ ಅವರ ಮನೆಯ ರಾಗಿ ಹೊಲ. "ಚಪ್ಪರ ತಾನೆ, ಸಂಜೆಯೊಳಗೆ ನಿಲ್ಲುಸ್ತೀನಿ ಬುಡಿ," ಎಂದರು. ನಿಲ್ಲಿಸಿದರು. ಓರೆ ಬಿಸಿಲಿಗೆಂದು ಮೂರು ಕಡೆಯೂ ತಗಡು ಮುಚ್ಚಿ, ಒರೆಸುವ ಅನುಕೂಲಕ್ಕೆ ಉತ್ತರ ದಿಕ್ಕನ್ನು ಮಾತ್ರ ತೆರೆದಿಟ್ಟರು. ಕಾರಂಜಿಯ ನೀರೂ ನಿಂತಿತು.

ನಿರ್ವಹಣೆಗೆ ನಿಯಮಗಳು ಹೊರಟವು. ಪಂಪು ಸದಾ ನೀರಿನಲ್ಲಿ ಮುಳುಗಿರತಕ್ಕದ್ದು. ಬೋಗುಣಿಯ ಪಾಚಿಯನ್ನು ವಾರಕ್ಕೊಮ್ಮೆ ಉಜ್ಜತಕ್ಕದ್ದು. ಸೊಳ್ಳೆ ಮೊಟ್ಟೆಯಿಡದಂತೆ ನೀರು ಬದಲಿಸತಕ್ಕದ್ದು. ಪಂಪು ಬಿಸಿಯಾಗದಂತೆ ಎಚ್ಚರ ವಹಿಸತಕ್ಕದ್ದು. ಎಲ್ಲವೂ ಪಾಲನೆಯಾದವು; ಪಂಪು ಒಮ್ಮೆಯೂ ಬಿಸಿಯಾಗಲಿಲ್ಲ. ಕೊನೆಯ ನಿಯಮ ಹೀಗಿತ್ತು: ಸ್ಪರ್ಧೆಯ ಪರಿವೀಕ್ಷಣೆಯ ದಿನ ನೀರು ಹಾರದಿದ್ದಲ್ಲಿ ತೋಟಗಾರನನ್ನು ಬದಲಾಯಿಸತಕ್ಕದ್ದು. ಆ ಪ್ರಕಟಣೆಗೆ ಗೋಂದು ಹಚ್ಚಿ ಗೋಡೆಗೆ ಅಂಟಿಸಿದವರೂ ಅಮರಪ್ಪನವರೇ.

ಜೂನ್ ಸಭೆಗೆ ಅವರು ಕೈಕಟ್ಟಿ ಬಂದು ನಿಂತರು.

"ತಗಡ ತೆಗದ್ರ ನೀರ ಹಾರತೈತ್ರಿ."

"ತಗಡು ತೆಗೆದ್ರೆ ಫಲಕ ಹಾಳಾಗುತ್ತೆ," ಎಂದರು ದೇವರಾಜ್. "ಹಾಳಾದ ಫಲಕದಿಂದ ನೀರು ಹಾರುತ್ತಾ?"

"ಇಲ್ರಿ."

"ಮತ್ತೆ?"

ನಡಾವಳಿ ಬರೆಯುತ್ತಿದ್ದ ಕಾರ್ಯದರ್ಶಿ ಮಂಜುಶ್ರೀ ಪೆನ್ನು ಕೆಳಗಿಟ್ಟು, "ಸಾರ್, ಅದಕ್ಕೆ ಬೇಕಾಗಿರೋದು ಬೆಳಕಲ್ವಾ? ಸೂರ್ಯಂದೇ ಆಗ್ಬೇಕಾ?" ಎಂದು ಕೇಳಿದರು.

"ಬೆಳಕಿನಲ್ಲೂ ಜಾತಿ ಇದೆಯೇನಮ್ಮ," ಎಂದರು ದೇವರಾಜ್.

ಮಾರನೆಯ ದಿನ ನಂಜಪ್ಪನವರ ಶೆಡ್ಡಿನಿಂದ ಸಾವಿರ ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು ಬಂದು ಚಪ್ಪರದೊಳಗೆ ನೇತಾಡಿದವು. ಪಂಪು ಹತ್ತು ವ್ಯಾಟಿನದು. ದೀಪ ಹಾಕಿದೊಡನೆ ನೀರು ಗೇಣುದ್ದ ಹಾರಿತು. ಕರೆಂಟ್ ಹೋದರೆ ಇರಲಿ ಎಂದು ಡೀಸೆಲ್ ಜನರೇಟರಿನಿಂದಲೂ ಒಂದು ವೈರು ಎಳೆಯಲಾಯಿತು. ದೀಪದ ಕೆಳಗೂ ಫಲಕ ಸುಡುತ್ತಿತ್ತು. ಆದರೆ ಅದು ಬಿಸಿಲಲ್ಲ.

ಪರಿವೀಕ್ಷಣೆಯ ದಿನ ಬೆಳಗಿನಿಂದ ದಟ್ಟ ಮೋಡ. ಅಮರಪ್ಪ ಎಂಟು ಗಂಟೆಗೇ ಬಂದು ಸ್ವಿಚ್ಚಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ರುಕ್ಮವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿರಲಿಲ್ಲ. ಹನ್ನೊಂದಕ್ಕೆ ಕರೆಂಟ್ ಹೋಯಿತು. ಐದು ನಿಮಿಷದಲ್ಲಿ ಪರಿವೀಕ್ಷಕರು ಬಂದರು. ಅಮರಪ್ಪ ಓಡಿ ಜನರೇಟರಿನ ಹಿಡಿ ತಿರುಗಿಸಿದರು. ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹತ್ತಿತು. ಕಪ್ಪು ಹೊಗೆ ಗುಲಾಬಿ ಗಿಡಗಳ ಮೇಲೆ ಹಾದುಹೋದ ಮೇಲೆ ಮೂರೂ ಬೋಗುಣಿಗಳಲ್ಲಿ ನೀರು ಇಳಿಯತೊಡಗಿತು.

"ಇದು ಪೂರ್ತಿ ಸೋಲಾರಾ?" ಎಂದು ಪರಿವೀಕ್ಷಕರು ಕೂಗಿ ಕೇಳಿದರು. ಜನರೇಟರಿನ ಸದ್ದಿಗೆ ಮೆಲ್ಲಗೆ ಕೇಳಿದರೆ ಕೇಳಿಸುತ್ತಿರಲಿಲ್ಲ.

"ನೂರಕ್ಕೆ ನೂರು, ಸಾರ್," ಎಂದು ದೇವರಾಜ್ ಕೂಗಿದರು. "ಪಂಪಿಗೆ ಬೇರೆ ಯಾವ ವೈರೂ ಇಲ್ಲ, ನೋಡಿ."

ಇರಲಿಲ್ಲ. ಪರಿವೀಕ್ಷಕರು ಬಗ್ಗಿ ನೋಡಿ ಗುರುತು ಹಾಕಿಕೊಂಡರು. ಪಕ್ಕದ ರಸ್ತೆಯವರ ಫಲಕ ಬಯಲಿನಲ್ಲಿತ್ತು, ಅವರ ಕಾರಂಜಿ ಆ ದಿನ ಹನಿ ನೀರೂ ಹಾರಿಸಲಿಲ್ಲ. ವರದಿಯಲ್ಲಿ, 'ಮೋಡ ಕವಿದ ವಾತಾವರಣದಲ್ಲೂ ಸೌರಶಕ್ತಿಯನ್ನು ಸಮರ್ಥವಾಗಿ ಬಳಸಿರುವುದು ಶ್ಲಾಘನೀಯ' ಎಂದು ಬರೆದು ನಮಗೆ ಮೊದಲ ಬಹುಮಾನ ಕೊಟ್ಟರು. ಪಕ್ಕದ ರಸ್ತೆಯವರು ಆ ವಾರವೇ ಬಂದು ನಂಜಪ್ಪನವರಿಗೆ ಚಪ್ಪರದ ಅಳತೆ ಕೊಟ್ಟು ಹೋದರು.

ಅಮರಪ್ಪನವರನ್ನು ಬದಲಾಯಿಸಲಿಲ್ಲ. 'ಸೂರ್ಯ ನಿರ್ವಾಹಕ' ಎಂಬ ಹೊಸ ಹುದ್ದೆ ಸೃಷ್ಟಿಸಿ ಕಾಯಂ ಮಾಡಲಾಯಿತು. ಆದೇಶದ ಪ್ರಕಾರ ಉದ್ಯಾನದಲ್ಲಿ ಸೂರ್ಯೋದಯ ಒಂಬತ್ತೂವರೆಗೆ, ಸೂರ್ಯಾಸ್ತ ಐದೂವರೆಗೆ. ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ಊಟಕ್ಕಾಗಿ ಅಸ್ತಮಾನ.

ಸಂಜೆ ಅವರು ಆದೇಶದ ಪ್ರತಿಯನ್ನು ರುಕ್ಮವ್ವನ ಕೈಗೆ ಕೊಟ್ಟರು. ಆಕೆ ಅದನ್ನು ತಿರುವಿ ನೋಡಿದರು.

"ಕಾಯಂ ಆತಂದ್ರ ಚಲೋನ ಆತು. ಏನ್ ಕೆಲಸ?"

"ಮುಂಜಾನಿ ಸೂರ್ಯನ್ನ ಹಚ್ಚೂದು, ಸಂಜಿಗೆ ಆರಿಸೂದು."

"ಐತವಾರ?"

"ಐತವಾರ ಸೂರ್ಯ ಇಲ್ಲ. ಸೂಟಿ."

"ಹಂಗಾರ ಐತವಾರ ನನ್ನ ಕೂಡ ಸಂತಿಗೆ ಬಾ," ಎಂದು ರುಕ್ಮವ್ವ ರೊಟ್ಟಿ ಬಡಿಯಲು ಕೂತರು.