ವಿಷದ ಕಸಕ್ಕೆ ನಾಲ್ಕು ಗಾದಿ

ಒಂದು ತಗ್ಗು ತೋಡಿ ಅದರೊಳಗೆ ಏನೋ ಇಟ್ಟು ಮುಚ್ಚುತ್ತೇವೆ ಅಂದರೆ ನಮ್ಮ ಕಡೆಯ ಜನ ಸುಮ್ಮನಿರುವುದಿಲ್ಲ. ಸುತ್ತಲೂ ತಂತಿ ಬೇಲಿ ಹಾಕಿದರಂತೂ ಮುಗಿದೇ ಹೋಯಿತು, ದಿನಕ್ಕೊಂದು ಫಜೀತಿ.

ವಾಡಿ-ಶಹಾಬಾದ ನಡುವೆ ಕಾರ್ಖಾನೆಗಳ ವಿಷದ ಕಸ ಹೂಳುವ ತಗ್ಗಿನಲ್ಲಿ ನಾನು ಸೂಪರ್‌ವೈಸರ್. ನಮ್ಮ ಎಂಜಿನಿಯರ್ ಸಾಹೇಬರು ಮೈಸೂರಿನವರು, ಹೊಸದಾಗಿ ಮದುವೆಯಾದವರು. ತಗ್ಗು ಮುಚ್ಚಿ ತಪಾಸಣೆ ಪಾಸಾದರೆ ಅವರಿಗೆ ಮೈಸೂರಿಗೆ ವರ್ಗ. ಇಲ್ಲದಿದ್ದರೆ ಇನ್ನೊಂದು ಬೇಸಿಗೆ ಇಲ್ಲೇ. ನಮ್ಮ ಬೇಸಿಗೆ ಹೇಗೆಂದರೆ, ಅಂಗಳದ ಫರಸಿ ಕಲ್ಲಿನ ಮೇಲೆ ರೊಟ್ಟಿ ಬಡಿದು ಹಾಕಿದರೆ ತಾನೇ ಬೇಯುತ್ತದೆ. ನಾನು ತಿಂದಿದ್ದೇನೆ.

೧. ಹಾಸಿಗೆ

ತಗ್ಗಿನ ತಳಕ್ಕೆ ಜಿಗುಟು ಮಣ್ಣು ಹಾಕಿ ರೋಲರ್ ಓಡಿಸಿದೆವು. ಅದರ ಮೇಲೆ ದಪ್ಪ ಕರಿ ಪ್ಲಾಸ್ಟಿಕ್. ಅದರ ಮೇಲೆ ಉಸುಕು, ಸೋರಿದ್ದು ಹರಿದು ಹೋಗಲು ಪೈಪು. ಅದರ ಮೇಲೆ ಮತ್ತೆ ಪ್ಲಾಸ್ಟಿಕ್. ಪಕ್ಕದ ಹೊಲದ ಮುತ್ಯಾ ದಿನಾ ಬೇಲಿ ಹಿಡಿದು ನಿಂತು ನೋಡುತ್ತಿದ್ದ.

"ಸಾಹೇಬ್ರ, ಇಷ್ಟೆಲ್ಲಾ ಯಾರಿಗಿರಿ?"

"ಕಸಕ್ಕೆ ಅಜ್ಜ, ವಿಷದ ಕಸ. ಇಲ್ಲಿ ಸುಣ್ಣದ ಕಲ್ಲಿನ ನೆಲ. ಒಂದು ಹನಿ ಕೆಳಗಿಳಿದ್ರೂ ನಿಮ್ಮ ಬಾವಿಗೇ ಬರುತ್ತೆ" ಎಂದರು ಸಾಹೇಬರು.

ಮುತ್ಯಾ ಬೆರಳು ಮಡಚಿ ಪದರ ಎಣಿಸಿದ. "ನಮ್ಮ ಮನ್ಯಾಗ ದೊಡ್ಡ ಅಳಿಯ ಬಂದ್ರೂ ಒಂದೇ ಗಾದಿರಿ. ನೀವು ಕಸಕ್ಕ ನಾಕು ಹಾಸ್ಲಿಕತ್ತೀರಿ. ಮುಂದಿನ ಸಲ ಅಂವನ್ನೂ ಇಲ್ಲೇ ಕರಕೊಂಡು ಬರ್ಲೇನ್ರಿ?"

೨. ಸಂಡಿಗೆ

ಮೇಲಿನ ಪ್ಲಾಸ್ಟಿಕ್ ಹಾಸಿ ಮುಗಿದಿತ್ತು, ಕಸ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಊರ ಅರ್ಧ ಹೆಂಗಸರು ತಗ್ಗಿನಲ್ಲಿ! ಚೊಕ್ಕ ಜಾಗ, ಕಾದ ಕರಿ ಹಾಳೆ, ಮೇಲೆ ಬಿಸಿಲು. ಪಾತ್ರೆ ತಂದು ಸಾಲುಸಾಲಾಗಿ ಸಂಡಿಗೆ ಇಡುತ್ತಿದ್ದಾರೆ.

"ಸೂಜಿಯಷ್ಟು ತೂತಾದ್ರೂ ನನ್ನ ಮೈಸೂರು ಹೋಯ್ತು!" ಎಂದು ಸಾಹೇಬರು ಓಡಿದರು.

"ನಿಂದರ್ರಿ, ನಿಂದರ್ರಿ! ಬೂಟು ಕಳದು ಬರ್ರಿ, ತಿನ್ನೋ ಪದಾರ್ಥ ಅದ!" ಎಂದು ಹೆಂಗಸರು ಒಟ್ಟಿಗೆ ಕೂಗಿದರು.

ಬೂಟು ಹಾಕಿ ಪ್ಲಾಸ್ಟಿಕ್ ತುಳಿಯಬಾರದೆಂಬ ನಿಯಮ ಸಾಹೇಬರದೇ. ಹೆಂಗಸರು ಬರಿಗಾಲಲ್ಲಿದ್ದರು. ನಿಯಮ ಮುರಿದವರು ಸಾಹೇಬರೊಬ್ಬರೇ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಅಲ್ಲೇ ಒಂಟಿಗಾಲಲ್ಲಿ ನಿಂತುಬಿಟ್ಟರು.

"ಇವತ್ತು ಕೆಲಸ ಇಲ್ಲ, ತಗ್ಗು ಖಾಲಿ ಅದ" ಅಂತ ಯಾರೋ ಊರಲ್ಲಿ ಹೇಳಿದ್ದರಂತೆ. ಯಾರೆಂದು ಕೊನೆಗೂ ತಿಳಿಯಲಿಲ್ಲ. ನಮ್ಮ ಮನೆಗೆ ಒಂದು ಡಬ್ಬಿ ಸಂಡಿಗೆ ಬಂತು, ಅದು ಬೇರೆ ಮಾತು.

೩. ಕಲ್ಲು

ತಗ್ಗು ತುಂಬಿತು. ಮೇಲೂ ಪ್ಲಾಸ್ಟಿಕ್, ಮಣ್ಣು, ಹುಲ್ಲು ಹಾಕಿದಾಗ ಅದೊಂದು ಗುಡ್ಡವೇ ಆಯಿತು. ಸಾಹೇಬರಿಗೆ ಹೊಸ ಚಿಂತೆ ಹತ್ತಿತು. ನೂರಾರು ವರ್ಷ ಆದ ಮೇಲೆ ಬರುವವರಿಗೆ ಇಲ್ಲಿ ಅಗೆಯಬೇಡಿ ಅಂತ ಹೇಗೆ ತಿಳಿಸುವುದು? ಫರಸಿ ಕಲ್ಲಿನ ಮೇಲೆ ಕೆತ್ತಿಸೋಣ ಎಂದು, ಸನ್ನತಿ ಕಡೆಯ ಕಲ್ಲು ಕೆತ್ತುವವನನ್ನು ಕರೆಸಿದರು.

"ಕೆತ್ತತೀನ್ರಿ. ಆದ್ರ ಅಷ್ಟು ವರ್ಷ ಆದ್ಮ್ಯಾಲ ಈ ಅಕ್ಷರ ಯಾರಿಗಿ ಓದ್ಲಿಕ್ಕ ಬರ್ತಾವ?"

"ಬರದಿದ್ರೆ ಏನಾಯ್ತು?"

"ನಮ್ಮ ಕಡಿ ಯಾರಿಗೂ ಓದ್ಲಿಕ್ಕ ಬರಲಾರದ ಕಲ್ಲು ಸಿಕ್ಕಿದ್ವು. ದೊಡ್ಡ ದೊಡ್ಡ ಸಾಹೇಬ್ರು ಬಂದು ಸುತ್ತಮುತ್ತ ಎಲ್ಲಾ ಅಗದು ಹೋದ್ರು."

ಕಲ್ಲಿನ ಆರ್ಡರ್ ಅಲ್ಲಿಗೇ ಕ್ಯಾನ್ಸಲ್.

೪. ಹೋತ

ಕಲ್ಲಿನ ಬದಲು ತಗಡಿನ ಬೋರ್ಡು ಬಂತು: ಅಪಾಯ, ಪ್ರವೇಶವಿಲ್ಲ. ಆಡು ಕಾಯುವವರು ಅದಕ್ಕೆ ಟವೆಲ್ಲು ತೂಗುಹಾಕಿ ಆಡುಗಳನ್ನು ಒಳಗೆ ಬಿಟ್ಟರು. ಸಾಹೇಬರು ತಲೆಯ ಮೇಲೆ ಕೈ ಹೊತ್ತರು. "ಹುಲ್ಲು ಹೋದ್ರೆ ಮಣ್ಣು ಹೋಗುತ್ತೆ, ಮಣ್ಣು ಹೋದ್ರೆ ಪ್ಲಾಸ್ಟಿಕ್, ಆಮೇಲೆ ತಪಾಸಣೆ, ಆಮೇಲೆ ನನ್ನ ಸಂಸಾರ!"

ನನಗೆ ಕನಿಕರ ಬಂತು. ವಾಡಿಯ ಚಹಾದಂಗಡಿಯಲ್ಲಿ ಒಬ್ಬನಿಗೆ, ಒಬ್ಬನಿಗೇ, ಹೇಳಿದೆ: "ಆ ಗುಡ್ಡದ ಹುಲ್ಲು ಮೇದ ಹೋತ ಹಿಂದಕ್ಕ ನಡೀಲಿಕತ್ತದ."

ಮಾತು ಚಿತ್ತಾಪುರ ಮುಟ್ಟುವಾಗ ಹೋತ ಎತ್ತಾಗಿತ್ತು. ಸೇಡಂ ದಾಟಿ ಚಿಂಚೋಳಿಗೆ ಹೋದಾಗ ಏನಾಯಿತೋ ದೇವರೇ ಬಲ್ಲ. ಒಂದು ದಿನ ಬಸ್ಸಿನಲ್ಲಿ ಪಕ್ಕದವನು ನನ್ನ ಕಿವಿಯಲ್ಲಿ, "ಅಲ್ಲಿಯ ಸೂಪರ್‌ವೈಸರ್ ಹಿಂದಕ್ಕ ನಡೀಲಿಕತ್ತಾನಂತ್ರಿ" ಎಂದ.

"ಪಾಪ, ಹೆಂಡರು ಮಕ್ಕಳು ಅದಾರೇನು?" ಅಂತ ನಾನೂ ಕೇಳಿದೆ.

೫. ತಪಾಸಣೆ

ಆಡುಗಳು ಬರುವುದು ನಿಂತಿತು, ಕಾಯಿಗಳು ಶುರುವಾದವು. ಜನ ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ಗುಡ್ಡದ ಕಡೆ ಕೈಮುಗಿದು, ಕಾಯಿ ಒಡೆದು ಹೋಗತೊಡಗಿದರು. ತಪಾಸಣೆಯ ದಿನವೂ ಒಬ್ಬ ಅವ್ವ ಊದುಬತ್ತಿ ಹಚ್ಚುತ್ತಿದ್ದಳು.

"ಅಮ್ಮಾ, ಅದು ವಿಷ! ದೇವರಲ್ಲ!" ಸಾಹೇಬರು ಅಳುವುದೊಂದೇ ಬಾಕಿ.

"ಹಂಗ ಜೋರಾಗಿ ಅನಬ್ಯಾಡ್ರಿ ಸಾಹೇಬ್ರ, ಕೇಳಿಸ್ಕೊಂತದ."

ಅಷ್ಟರಲ್ಲಿ ತಪಾಸಣೆಯ ಮೇಡಂ ಬಂದು ಗುಡ್ಡ ಸುತ್ತಿದರು. "ಎಲ್ಲಾ ಕಡೆ ಬೇಲಿ ಕಿತ್ಕೊಂಡು ಹೋಗ್ತಾರೆ, ಮಣ್ಣೂ ಬಿಡಲ್ಲ. ಇಲ್ಲಿ ಒಂದು ಹೆಜ್ಜೆ ಗುರುತೂ ಇಲ್ವಲ್ರೀ! ಹೇಗೆ ಮಾಡಿದ್ರಿ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. "ನಮ್ಮ ಸಾಹೇಬ್ರು ಜನರ ವಿಶ್ವಾಸ ಗಳಿಸ್ಯಾರ್ರಿ ಮೇಡಂ."

"ಪಾಸ್!" ಅಂದರು ಮೇಡಂ. ಸಾಹೇಬರ ಮುಖದಲ್ಲಿ ಮೈಸೂರು ಅರಳಿತು. ಮೇಡಂ ಇನ್ನೂ ಮುಗಿಸಿರಲಿಲ್ಲ. "ಮುಚ್ಚಿದ ಮೇಲೆ ಮೂವತ್ತು ವರ್ಷ ನಿಗಾ ಇಡಬೇಕಲ್ಲ. ಇಂಥವರನ್ನ ಬಿಟ್ರೆ ಮತ್ತೆ ಸಿಗಲ್ಲ. ಇವರೇ ಇಲ್ಲಿರಲಿ."

ಮರುದಿನ ನಾನು ಡ್ಯೂಟಿಗೆ ಹೋದಾಗ ಸಾಹೇಬರು ಬೇಲಿಯ ಬಳಿ ಬರಿಗಾಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಯಿ, ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಸದ್ದಿಲ್ಲದೆ ಹಿಂದೆ ಹೋಗಿ ಕಿವಿಗೊಟ್ಟೆ.

"...ಮೈಸೂರು ಆಗದಿದ್ರೆ ಮಂಡ್ಯನಾದ್ರೂ ಪರವಾಗಿಲ್ಲಪ್ಪ."